ಟ್ರ್ಯಾಕ್ಟರ್ ಲಿಫ್ಟ್ ಏಳದಿದ್ದರೆ ಪಂಪೇ ಹೋಗಿದೆ ಅಂತಲ್ಲ

ಭಾನುವಾರ ಬೆಳಿಗ್ಗೆ ಇನ್ನೂ ಚಹಾ ಕುಡಿದಿರಲಿಲ್ಲ, ಮಾಮಾನ ಫೋನ್ ಬಂತು. "ಅಳ್ಯಾ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎತ್ತವಲ್ದು. ಮೇಸ್ತ್ರಿ ಪಂಪ ಹೋಗ್ಯಾದ ಅಂತ ಹೇಳ್ಯಾನ. ಹೊಸಾದು ಹಾಕಸ್ಲೇನು?"

ಮಾಮಾ ಇಂಡಿ ಕಡೆಯವರು. ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾ ಹತ್ತು ವರ್ಷದ ಮೇಲಾಯಿತು. ನಾನು ಇತ್ತ ಭೋಸರಿಯ ಕೈಗಾರಿಕಾ ವಸಾಹತಿನಲ್ಲಿ (ಎಂಐಡಿಸಿ) ಹೈಡ್ರಾಲಿಕ್ ಪ್ರೆಸ್ ರಿಪೇರಿ ಮಾಡುವವನು. ಟ್ರ್ಯಾಕ್ಟರ್ ನನ್ನ ಕಸುಬಲ್ಲ. ಆದರೆ ನೂರು ಟನ್ ಪ್ರೆಸ್ಸಾಗಲಿ, 24 ಎಚ್‌ಪಿಯ ಪುಟ್ಟ ಟ್ರ್ಯಾಕ್ಟರಾಗಲಿ, ಒಳಗಿನ ಎಣ್ಣೆಯ ಬುದ್ಧಿ ಒಂದೇ.

"ಏನೂ ಹಾಕಸ್ಬ್ಯಾಡ್ರಿ ಮಾಮಾ, ನಾ ಬರ್ತೀನಿ" ಅಂದೆ. ಒತ್ತಡ ಅಳೆಯುವ ಗೇಜ್ ಬ್ಯಾಗಿಗೆ ಹಾಕಿಕೊಂಡು ನಾಸಿಕ್ ಕಡೆಯ ಬಸ್ ಹಿಡಿದೆ. ಚಾಕಣ, ರಾಜಗುರುನಗರ, ಮಂಚರ್ ದಾಟುವಷ್ಟರಲ್ಲಿ ಫೋನಿನಲ್ಲೇ ಅರ್ಧ ಕೆಲಸ ಮುಗಿದಿತ್ತು. ಸರಿಯಾದ ಪ್ರಶ್ನೆ ಕೇಳಿದರೆ ಪಾನಾ ಹಿಡಿಯುವ ಮೊದಲೇ ರೋಗ ಅರ್ಧ ಗೊತ್ತಾಗುತ್ತದೆ.

ಆ ಕಡೆ ದ್ರಾಕ್ಷಿ ಸಾಲುಗಳ ನಡುವೆ 9–10 ಅಡಿ ಜಾಗ ಇರುತ್ತದೆ. ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗಿಸೋದು ಕಷ್ಟ. ಅದಕ್ಕೇ 20ರಿಂದ 30 ಎಚ್‌ಪಿಯ ಸಣ್ಣವು. ಹಿಂದೆ ಒಮ್ಮೆ ಮಣ್ಣು ಪುಡಿ ಮಾಡುವ ರೋಟಾವೇಟರ್, ಒಮ್ಮೆ ಔಷಧಿ ಹೊಡೆಯುವ ಬ್ಲೋವರ್. ಎರಡನ್ನೂ ಹೊತ್ತು ನಿಲ್ಲಬೇಕಾದದ್ದು ಹೈಡ್ರಾಲಿಕ್ಕೇ, ಅಂದರೆ ಎಣ್ಣೆಯ ಒತ್ತಡದಿಂದ ಹಿಂದಿನ ತೋಳುಗಳನ್ನು (ಲಿಂಕ್) ಎತ್ತುವ ಲಿಫ್ಟ್.

ನಿಧಾನವೋ, ಬಲವಿಲ್ಲವೋ?

ನನ್ನ ಮೊದಲ ಪ್ರಶ್ನೆ ಇದೇ. "ಎತ್ತೋದೇ ಇಲ್ಲೋ, ತಡಾ ಮಾಡಿ ಎತ್ತತೈತೋ?" ಜನ ಎರಡಕ್ಕೂ "ಹೈಡ್ರಾಲಿಕ್ ವೀಕ್" ಅಂತ ಒಂದೇ ಮಾತು ಹೇಳುತ್ತಾರೆ. ಆದರೆ ಇವು ಬೇರೆ ಬೇರೆ ಕಾಯಿಲೆ.

ಪಂಪ್ ತಾನಾಗಿ ಒತ್ತಡ ಹುಟ್ಟಿಸೋದಿಲ್ಲ. ಅದು ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಮುಂದೆ ಅಡ್ಡ ನಿಂತ ಭಾರ ಎಷ್ಟೋ, ಒತ್ತಡ ಅಷ್ಟು ಏರುತ್ತದೆ. ಖಾಲಿ ಲಿಂಕ್ ಎತ್ತುವಾಗ ಗೇಜಿನ ಮುಳ್ಳು ಸುಮ್ನೆ ಅಲುಗುತ್ತದೆ. ರೋಟಾವೇಟರ್ ಸಿಕ್ಕಿಸಿದರೆ ಮೇಲಕ್ಕೆ ಓಡುತ್ತದೆ. ಪಂಪ್ ಅದೇ, ಎಂಜಿನ್ ವೇಗವೂ ಅದೇ.

ಒಂದು ಲೆಕ್ಕ ಹಾಕೋಣ. ಲಿಫ್ಟ್ ಸಿಲಿಂಡರಿನ ಒಳವ್ಯಾಸ (ಬೋರ್) 65 ಮಿ.ಮೀ. ಇದೆ ಅಂದುಕೊಳ್ಳಿ. ಪಿಸ್ಟನ್ ಮುಖ ಸುಮಾರು 33 ಚದರ ಸೆಂಟಿಮೀಟರ್. ಒಂದು ಬಾರ್ ಅಂದರೆ ಹೆಚ್ಚು ಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕೆಜಿ. 150 ಬಾರ್‌ನಲ್ಲಿ ಪಿಸ್ಟನ್ ಸುಮಾರು 5000 ಕೆಜಿ ಬಲದಿಂದ ತಳ್ಳುತ್ತದೆ. ಪಿಸ್ಟನ್ 10 ಸೆಂ.ಮೀ. ಸರಿದರೆ ಲಿಂಕಿನ ತುದಿ 60 ಸೆಂ.ಮೀ. ಏಳುತ್ತದೆ ಅನ್ನೋಣ. ದೂರ ಆರು ಪಟ್ಟು ಆದರೆ ಬಲ ಆರರಲ್ಲಿ ಒಂದು ಪಾಲು, ಅಂದರೆ 830 ಕೆಜಿ ಹತ್ತಿರ. ಅದೇ ಒತ್ತಡ 100 ಬಾರ್‌ಗೆ ಬಿದ್ದರೆ ಉಳಿಯೋದು 550.

ಈಗ ವೇಗ. ಪಿಸ್ಟನ್ ಪೂರ್ತಿ ಸರಿಯಲು ಬೇಕಾದ ಎಣ್ಣೆ ಒಂದು ಲೀಟರಿನ ಮೂರನೇ ಒಂದು ಭಾಗ ಮಾತ್ರ. ಪಂಪ್ ನಿಮಿಷಕ್ಕೆ 15 ಲೀಟರ್ ಕೊಟ್ಟರೆ ಒಂದೂವರೆ ಸೆಕೆಂಡಿನೊಳಗೆ ಲಿಫ್ಟ್ ಮೇಲಿರಬೇಕು. ಅರ್ಧ ಎಣ್ಣೆ ಎಲ್ಲೋ ಸೋರಿ ಹೋದರೆ ಮೂರು ಸೆಕೆಂಡ್ ಹತ್ತಿರ ಹೋಗುತ್ತದೆ.

ಅಂದರೆ ನಿಧಾನ ಆಗಿದೆ ಅಂದರೆ ಎಣ್ಣೆ ಸಾಲುತ್ತಿಲ್ಲ. ಹಗುರ ಎತ್ತುತ್ತದೆ, ಭಾರ ಎತ್ತೋಲ್ಲ ಅಂದರೆ ಒತ್ತಡ ಸಾಲುತ್ತಿಲ್ಲ. ಎತ್ತುತ್ತದೆ, ಆದರೆ ನಿಲ್ಲದೆ ಇಳಿಯುತ್ತದೆ ಅನ್ನೋದು ಮೂರನೇ ಜಾತಿ. ಅದರ ಕಥೆ ಕೊನೆಗೆ.

ಮಾಮಾನ ಉತ್ತರ ಹೀಗಿತ್ತು: "ಮುಂಜಾನಿ ಛಲೋ ಎತ್ತತಾದ. ತಾಸ ಹೊತ್ತ ಹೊಡದಮ್ಯಾಲೆ ತಡಾ ಮಾಡ್ತಾದ, ಜಗ್ಗಿ ಜಗ್ಗಿ ಏಳತಾದ, ಕುಂಯ್ ಅಂತ ಒದರತಾದ."

ಬಿಸಿಯಾದ ಮೇಲೆ ಸೋಲುತ್ತದೆ ಅಂದ ಕೂಡಲೇ ಯಾವ ಮೇಸ್ತ್ರಿಯಾದರೂ ಪಂಪ್ ಅಂತಲೇ ಹೇಳುತ್ತಾನೆ. ಅದರಲ್ಲಿ ತಪ್ಪಿಲ್ಲ. ಆದರೆ "ಕುಂಯ್" ಅನ್ನೋದು ನನಗೆ ಬೇರೇನೋ ಹೇಳಿತು.

ಮೊದಲು ದುಡ್ಡು ಬೇಡದ ತಪಾಸಣೆ

ಲಿವರ್‌ಗಳನ್ನು ನೋಡಿ. ಸೀಟಿನ ಪಕ್ಕ ಎರಡು ಇರುತ್ತವೆ, ಒಂದು ಲಿಫ್ಟ್ ಎಷ್ಟು ಎತ್ತರದಲ್ಲಿರಬೇಕು ಅಂತ ಹೇಳುವ ಪೊಸಿಷನ್, ಇನ್ನೊಂದು ಡ್ರಾಫ್ಟ್. ಈ ಡ್ರಾಫ್ಟ್ ಅನ್ನೋದು ಹ್ಯಾರಿ ಫರ್ಗುಸನ್ ತಲೆಯಿಂದ ಬಂದದ್ದು. 1936ರ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರಿನಲ್ಲಿ ಅದು ಮಾರುಕಟ್ಟೆಗೆ ಇಳಿಯಿತು. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಾಗ ತಾನಾಗಿ ಸ್ವಲ್ಪ ಎತ್ತುವ ಉಪಾಯ. ರೋಟಾವೇಟರಿಗೆ, ಬ್ಲೋವರಿಗೆ ಅದರ ಕೆಲಸ ಇಲ್ಲ. ಯಾರೋ ಹುಡುಗ ಆ ಲಿವರನ್ನು ಬೇರೆ ಕಡೆ ಸರಿಸಿದ್ದರೆ ಲಿಫ್ಟ್ ತನಗೆ ತೋಚಿದಂತೆ ನಡೆದುಕೊಳ್ಳುತ್ತದೆ.

ಸೀಟಿನ ಕೆಳಗೆ ಒಂದು ತಿರುಗಿಸುವ ಗುಂಡಿ ಇರುತ್ತದೆ. ಲಿಫ್ಟ್ ಎಷ್ಟು ಬೇಗ ಇಳಿಯಬೇಕು ಅನ್ನೋದನ್ನು ಅದು ನಿರ್ಧರಿಸುತ್ತದೆ. ರಸ್ತೆಯಲ್ಲಿ ಹೋಗುವಾಗ ಪೂರ್ತಿ ಮುಚ್ಚಿ, ತೋಟದಲ್ಲಿ ತೆರೆಯಲು ಮರೆತವರನ್ನು ನಾನೇ ನೋಡಿದ್ದೇನೆ. ಟ್ರಾಲಿ ಎತ್ತುವ ವಾಲ್ವ್ ಅರ್ಧ ತೆರೆದಿದ್ದರೂ ಎಣ್ಣೆ ಎರಡು ದಾರಿ ಹಿಡಿಯುತ್ತದೆ.

ಇನ್ನು ಭಾರ. ಕಂಪನಿಯ ಕಾಗದದಲ್ಲಿ 750 ಕೆಜಿ ಅಂತ ಇದ್ದರೆ ಅದು ಸಾಮಾನ್ಯವಾಗಿ ಲಿಂಕಿನ ತುದಿಯಲ್ಲೇ ಎತ್ತುವ ಭಾರ. ಭಾರ ಹಿಂದಕ್ಕೆ ಹೋದಷ್ಟೂ ಎತ್ತುವ ಶಕ್ತಿ ಕಡಿಮೆ. ಅದಕ್ಕೇ ಟ್ರ್ಯಾಕ್ಟರ್ ಪರೀಕ್ಷೆ ಮಾಡುವಾಗ ತುದಿಯಿಂದ 610 ಮಿ.ಮೀ. ಹಿಂದೆಯೂ ಅಳೆಯುತ್ತಾರೆ. 400 ಲೀಟರ್ ಬ್ಲೋವರ್ ಅಂದರೆ ಬರೀ ನೀರೇ 400 ಕೆಜಿ. ಮೇಲೆ ಫ್ಯಾನ್, ಪಂಪ್, ಚೌಕಟ್ಟು. ಅದರ ಭಾರವೆಲ್ಲ ಹಿಂದೆ ಜೋತು ಬಿದ್ದಿರುತ್ತದೆ. ಎತ್ತುವಾಗ ಮುಂದಿನ ಗಾಲಿ ನೆಲ ಬಿಡುತ್ತಿದ್ದರೆ ಒಂದು ಮಾತು ಗ್ಯಾರಂಟಿ: ಹೈಡ್ರಾಲಿಕ್ ವೀಕ್ ಆಗಿಲ್ಲ, ನೀವೇ ಜಾಸ್ತಿ ಹೇರಿದ್ದೀರಿ.

ಮಾಮಾನ ಕಡೆ ಇವೆಲ್ಲ ಸರಿಯಿದ್ದವು.

ಎಣ್ಣೆ ಏನು ಹೇಳುತ್ತದೆ

ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್‌ಗೆ ಬೇರೆ ಟ್ಯಾಂಕ್ ಇರೋದು ಅಪರೂಪ. ಗೇರ್‌ಬಾಕ್ಸಿನ ಎಣ್ಣೆಯನ್ನೇ ಪಂಪ್ ಕುಡಿಯುತ್ತದೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇದ್ದರೆ ಅದೂ ಅಲ್ಲೇ. ಒಂದೇ ಎಣ್ಣೆಗೆ ಮೂರು ಮನೆಯ ಚಾಕರಿ. ಹಾಗಾಗಿ ಉಳಿದ ಎಂಜಿನ್ ಆಯಿಲ್ ಸುರಿದು "ಎಣ್ಣೆ ಎಣ್ಣೆನೇ" ಅನ್ನಬೇಡಿ. ಪುಸ್ತಕದಲ್ಲಿ ಬರೆದ ಜಾತಿಯ ಎಣ್ಣೆಯೇ ಬೇಕು.

ಅಳೆಯುವಾಗ ಟ್ರ್ಯಾಕ್ಟರ್ ಸಪಾಟು ನೆಲದಲ್ಲಿರಲಿ, ಎಂಜಿನ್ ಬಂದ್ ಇರಲಿ, ಲಿಫ್ಟ್ ಪೂರ್ತಿ ಕೆಳಗಿರಲಿ. ಟ್ರಾಲಿ ಜಾಕ್ ಸಿಕ್ಕಿಸಿದ್ದರೆ ಅದೂ ಕೆಳಗಿರಲಿ. ಎದ್ದು ನಿಂತ ಜಾಕಿನೊಳಗೆ ಲೀಟರುಗಟ್ಟಲೆ ಎಣ್ಣೆ ಕೂತಿರುತ್ತದೆ. ಇಳಿಜಾರಿನಲ್ಲಿ ಮಾತ್ರ ಲಿಫ್ಟ್ ತೊಂದರೆ ಕೊಡುತ್ತದೆ ಅಂದರೆ ಮೊದಲ ಅನುಮಾನ ಎಣ್ಣೆ ಮಟ್ಟದ ಮೇಲೆಯೇ. ಎಣ್ಣೆ ಒಂದು ಬದಿಗೆ ಹರಿದು, ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ.

ಬಣ್ಣ ನೋಡಿ. ಹಾಲು ಹಾಕಿದ ಚಹಾದಂತೆ ಇದ್ದು, ರಾತ್ರಿಯೆಲ್ಲ ಇಟ್ಟರೂ ಹಾಗೇ ಇದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಹೊರಗೆ ನಿಂತ ಗಾಡಿಗೆ, ಜೋರು ನೀರು ಹೊಡೆದು ತೊಳೆಯುವ ಗಾಡಿಗೆ ಇದು ಸಾಮಾನ್ಯ. ಪೂರ್ತಿ ಬದಲಿಸೋದೇ ದಾರಿ. ಕೆಲಸ ಮಾಡುವಾಗ ಮಸುಕಾಗಿ, ಬೆಳಿಗ್ಗೆಗೆ ಮತ್ತೆ ತಿಳಿಯಾದರೆ ಅದು ನೀರಲ್ಲ, ಗಾಳಿ.

ನಾನು ತೋಟ ಮುಟ್ಟಿದಾಗ ಮಾಮಾ ಆಗಷ್ಟೇ ಒಂದು ಸುತ್ತು ಹೊಡೆದು ನಿಲ್ಲಿಸಿದ್ದರು. ಡಿಪ್‌ಸ್ಟಿಕ್ ಎಳೆದೆ. ಕಡ್ಡಿಯ ಮೇಲೆ ಎಣ್ಣೆಗಿಂತ ಜಾಸ್ತಿ ನೊರೆ. ಹಿಂಡಿದ ಎಮ್ಮೆ ಹಾಲಿನ ಮೇಲೆ ನಿಲ್ಲುತ್ತದಲ್ಲ, ಅಂಥ ಸಣ್ಣ ಗುಳ್ಳೆ. ಮಟ್ಟ ಸರಿಯಾಗೇ ಇತ್ತು.

ಬೆಳಿಗ್ಗೆ ಚೆನ್ನಾಗಿರೋದು ಯಾಕೆ ಅಂತ ಅಲ್ಲಿಗೆ ಗೊತ್ತಾಯಿತು. ರಾತ್ರಿಯೆಲ್ಲ ನಿಂತಾಗ ಗುಳ್ಳೆ ಮೇಲೆ ಬಂದು ಒಡೆದಿರುತ್ತವೆ. ಓಡಿಸುತ್ತಾ ಹೋದಂತೆ ಮತ್ತೆ ಕೂಡುತ್ತವೆ. ಎಣ್ಣೆಯನ್ನು ಒತ್ತಿದರೆ ಅದು ಬಗ್ಗೋದಿಲ್ಲ, ಗಾಳಿ ಬಗ್ಗುತ್ತದೆ. ಪಂಪ್ ತಳ್ಳಿದ ಪಾಲಿನಲ್ಲಿ ಒಂದಿಷ್ಟು ಗುಳ್ಳೆಯನ್ನು ಹಿಸುಕೋದಕ್ಕೇ ಖರ್ಚಾಗುತ್ತದೆ. ಅದಕ್ಕೇ ಜಗ್ಗಿ ಜಗ್ಗಿ ಏಳೋದು. ಆ ಗುಳ್ಳೆಗಳು ಪಂಪಿನೊಳಗೆ ಜೋರು ಒತ್ತಡಕ್ಕೆ ಸಿಕ್ಕು ಕುಸಿಯುವ ಸದ್ದೇ ಆ "ಕುಂಯ್". ಹೊರಗಿನಿಂದ ನೋಡುವವನಿಗೆ ಬಿಸಿಯಾದ ಮೇಲೆ ಸೋಲುವ ಸವೆದ ಪಂಪಿನಂತೆಯೇ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಸವೆದ ಪಂಪ್ ಹೆಚ್ಚಾಗಿ ಗಲಾಟೆ ಮಾಡದೆ ಸೋಲುತ್ತದೆ.

ಬಿಚ್ಚುವ ಮೊದಲು ಗೇಜ್

ಇಷ್ಟು ತಿಳಿದರೂ ನಾನು ಗೇಜ್ ಹಾಕದೆ ಏನನ್ನೂ ಬಿಚ್ಚುವುದಿಲ್ಲ. 250 ಬಾರ್‌ವರೆಗೆ ಓದುವ ಗ್ಲಿಸರಿನ್ ತುಂಬಿದ ಗೇಜ್, ಒಂದು ಗಟ್ಟಿ ಹೋಸ್, ಒಂದೆರಡು ನಿಪ್ಪಲ್. ಟ್ರಾಲಿಗೆ ಎಣ್ಣೆ ಕೊಡುವ ಪೋರ್ಟಿಗೆ ಹಾಕಿದೆ. ಆ ವಾಲ್ವಿನ ಲಿವರ್ ಎಳೆದು ಹಿಡಿದರೆ ಎಣ್ಣೆಗೆ ಹೋಗಲು ದಾರಿಯಿಲ್ಲ. ಒತ್ತಡ ಏರಿ ಏರಿ ಕೊನೆಗೆ, ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆಯುತ್ತದೆ. ಆಗ ಮುಳ್ಳು ನಿಲ್ಲುವ ಅಂಕಿಯೇ ನಮಗೆ ಬೇಕಾದದ್ದು. ಪುಸ್ತಕದ ಅಂಕಿಯೊಂದಿಗೆ ಹೋಲಿಸಿ. ಈ ಗಾತ್ರದ ಗಾಡಿಗಳಲ್ಲಿ ಸಾಮಾನ್ಯವಾಗಿ 150ರಿಂದ 200ರ ನಡುವೆ ಇರುತ್ತದೆ.

ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ನಿಮಿಷಕ್ಕೆ 15 ಲೀಟರ್, 150 ಬಾರ್ ಅಂದರೆ ಮೂರೂ ಮುಕ್ಕಾಲು ಕಿಲೋವ್ಯಾಟ್. ಮನೆಯ ಎರಡು ಗೀಸರ್‌ನಷ್ಟು ಶಾಖ ಆ ಸಣ್ಣ ವಾಲ್ವಿನ ಮೂತಿಯಲ್ಲಿ.

ಅಂಕಿಗಿಂತ ಮುಳ್ಳಿನ ನಡತೆ ಮುಖ್ಯ. ಎಂಜಿನ್ ನಿಧಾನ ಇರಲಿ, ಜೋರಿರಲಿ, ಮುಳ್ಳು ಒಂದೇ ಕಡಿಮೆ ಅಂಕಿಗೆ ಬಂದು ಗಟ್ಟಿ ನಿಂತರೆ ರಿಲೀಫ್ ವಾಲ್ವ್ ಬೇಗ ತೆರೆಯುತ್ತಿದೆ. ಸ್ಪ್ರಿಂಗ್ ಸೋತಿದೆ, ಇಲ್ಲವೇ ವಾಲ್ವ್ ಕೂರುವ ಜಾಗದಲ್ಲಿ ಕಸ ಸಿಕ್ಕಿದೆ. ಎಂಜಿನ್ ಜೋರು ಮಾಡಿದಾಗ ಮುಳ್ಳು ಮೇಲಕ್ಕೇರಿ, ಐಡಲ್‌ಗೆ ಬಿಟ್ಟರೆ ಕುಸಿದರೆ ಪಂಪ್ ಸವೆದಿದೆ ಅಥವಾ ಒಳಗೆಲ್ಲೋ ಸೋರಿಕೆ ಇದೆ.

ಯಾಕೆ ಹೀಗೆ? ಗೇರ್ ಪಂಪಿನಲ್ಲಿ ಹಲ್ಲಿಗೂ ಗೋಡೆಗೂ ನಡುವೆ ಕೂದಲೆಳೆಗಿಂತ ಕಡಿಮೆ ಸಂದು. ಆ ಸಂದಿನಿಂದ ಒಂದಿಷ್ಟು ಎಣ್ಣೆ ಯಾವಾಗಲೂ ಹಿಂದಕ್ಕೆ ಜಾರುತ್ತದೆ. ಹೀಗೆ ಜಾರೋದು ಒತ್ತಡವನ್ನು ನೋಡುತ್ತದೆ, ಎಂಜಿನ್ ವೇಗವನ್ನಲ್ಲ. ಜೋರು ಓಟದಲ್ಲಿ 15 ಲೀಟರ್ ಕೊಡುವ ಪಂಪ್ ಐಡಲ್‌ನಲ್ಲಿ 5 ಕೊಡುತ್ತದೆ ಅಂದುಕೊಳ್ಳಿ. ಸೋರಿಕೆ 3 ಲೀಟರ್ ಇದ್ದರೆ ಅಲ್ಲಿ 12 ಉಳಿಯಿತು, ಇಲ್ಲಿ ಬರೀ 2. ಸೋರಿಕೆ 5 ಆದರೆ ಐಡಲ್‌ನಲ್ಲಿ ಲಿಫ್ಟ್ ಅಲುಗೋದೇ ಇಲ್ಲ. ಇನ್ನೊಂದು ಮಾತು. ಸಂದು ಎರಡು ಪಟ್ಟಾದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಅದಕ್ಕೇ ವರ್ಷಗಟ್ಟಲೆ ಚೆನ್ನಾಗಿದ್ದ ಪಂಪ್ ಒಂದೇ ಹಂಗಾಮಿನಲ್ಲಿ ಕೈಕೊಟ್ಟಂತೆ ಕಾಣೋದು. ಎಣ್ಣೆ 40 ಡಿಗ್ರಿಯಿಂದ 80 ಡಿಗ್ರಿಗೆ ಹೋದರೆ ಮೂರು ನಾಲ್ಕು ಪಟ್ಟು ತೆಳ್ಳಗಾಗುತ್ತದೆ. ಹಾಗಾಗಿ ತಣ್ಣಗಿದ್ದಾಗ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ. ಮುಕ್ಕಾಲು ಗಂಟೆ ದುಡಿಸಿ ಮತ್ತೆ ನೋಡಬೇಕು.

ಮಾಮಾನ ಗಾಡಿಯ ಪುಸ್ತಕದಲ್ಲಿ 160 ಅಂತಿತ್ತು. ಮುಳ್ಳು 90ಕ್ಕೂ 120ಕ್ಕೂ ನಡುವೆ ಚಳಿಗೆ ನಡುಗಿದಂತೆ ನಡುಗುತ್ತಿತ್ತು. ನಡುಗುವ ಮುಳ್ಳು ಗಾಳಿಯ ಗುರುತು.

ರಿಲೀಫ್ ವಾಲ್ವಿನ ಬಗ್ಗೆ ಒಂದೇ ಎಚ್ಚರಿಕೆ. ಅದಕ್ಕೆ ವಾಶರ್ ಹಾಕಿ ಬಿಗಿ ಮಾಡಿ "ಪವರ್ ಜಾಸ್ತಿ" ಮಾಡಿಕೊಡುವವರಿದ್ದಾರೆ. ಎತ್ತಬಾರದ್ದನ್ನೂ ಎತ್ತುತ್ತದೆ, ಒಂದು ದಿನ ಪಂಪ್ ಕವಚವೋ ಪೈಪೋ ಸೀಳುತ್ತದೆ. ಪೈಪಿನಿಂದ ಸೂಜಿಯಂತೆ ಎಣ್ಣೆ ಚಿಮ್ಮುತ್ತಿದ್ದರೆ ಕೈಯಿಂದ ಮುಟ್ಟಿ ಹುಡುಕಬೇಡಿ. ಚರ್ಮದೊಳಗೆ ನುಗ್ಗುತ್ತದೆ. ಗಾಯ ಚಿಕ್ಕದಾಗಿ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಒಳಹೊಕ್ಕಿದೆ ಅಂತ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಸೋರದೇ ಗಾಳಿ ಎಳೆಯುವ ಜಾಗ

ಎಣ್ಣೆ ಹೊರಗೆ ಎಲ್ಲೂ ತೊಟ್ಟಿಕ್ಕುತ್ತಿಲ್ಲ, ಗಾಳಿ ಎಲ್ಲಿಂದ ಬಂತು ಅಂತ ಮಾಮಾ ಕೇಳಿದರು. ನ್ಯಾಯವಾದ ಪ್ರಶ್ನೆ. ಪಂಪಿನ ಮುಂದಿನ ಪೈಪಿನಲ್ಲಿ ತೂತಾದರೆ ಎಣ್ಣೆ ಹೊರಗೆ ಚಿಮ್ಮುತ್ತದೆ. ಪಂಪಿನ ಹಿಂದಿನ, ಎಣ್ಣೆ ಎಳೆಯುವ ಪೈಪಿನಲ್ಲಿ ತೂತಾದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ನಿಜಕ್ಕೂ ಪಂಪ್ ಎಣ್ಣೆಯನ್ನು ಎಳೆಯೋದಿಲ್ಲ. ಅದು ಬಾಯಿ ತೆರೆದು ಜಾಗ ಮಾಡಿಕೊಡುತ್ತದೆ, ಎಣ್ಣೆಯನ್ನು ತಳ್ಳೋದು ವಾತಾವರಣ. ಆ ತಳ್ಳುವ ಬಲ ಸಮುದ್ರ ಮಟ್ಟದಲ್ಲೇ ಒಂದು ಬಾರ್. 560 ಮೀಟರ್ ಎತ್ತರದ ಪುಣೆಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಮುಂದೆ 160 ಬಾರ್, ಹಿಂದೆ ಒಂದೂ ಇಲ್ಲ. ಹಾಗಾಗಿ ಈ ಬದಿಯಲ್ಲಿ ಕಸ ಸೋಸುವ ಜಾಳಿ ಚೂರು ಕಟ್ಟಿಕೊಂಡರೂ ಪಂಪ್ ಉಪವಾಸ ಬೀಳುತ್ತದೆ.

ಎಂಜಿನ್ ಓಡುತ್ತಿರುವಾಗಲೇ ಆ ಎಣ್ಣೆ ಎಳೆಯುವ (ಸಕ್ಷನ್) ಪೈಪಿನ ಜಾಯಿಂಟಿಗೆ ಬೆರಳಲ್ಲಿ ದಪ್ಪ ಗ್ರೀಸ್ ಮೆತ್ತಿದೆ. ಮೊದಲ ಜಾಯಿಂಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಮೆತ್ತಿದ ಒಂದು ನಿಮಿಷಕ್ಕೆ "ಕುಂಯ್" ಸದ್ದು ಇಳಿಯಿತು. ಗ್ರೀಸಿನ ನಡುವೆ ಸಣ್ಣ ಗುಳಿ ಬಿದ್ದು ಒಳಗೆ ಹೋಗುತ್ತಿತ್ತು. ಮಾಮಾ ಬಗ್ಗಿ ನೋಡಿ, "ಹೌದಲ್ಲೋ, ಕುಡೀಲಿಕತ್ತಾದ!" ಅಂದರು.

ಎಂಜಿನ್ ಬಂದ್ ಮಾಡಿ, ಬ್ಲೋವರ್ ನೆಲಕ್ಕಿಳಿಸಿ, ಎಣ್ಣೆ ಸ್ವಚ್ಛ ಬಕೆಟಿಗೆ ಬಿಟ್ಟು ಜಾಯಿಂಟ್ ಬಿಚ್ಚಿದೆವು. ಒಳಗಿನ ರಬ್ಬರ್ ಬಳೆ, ಒ-ರಿಂಗ್, ದುಂಡಗೆ ಇರಬೇಕಾದದ್ದು ಚಪ್ಪಟೆಯಾಗಿ, ಉಗುರು ತಾಗಿಸಿದರೆ ಮುರಿಯುವಷ್ಟು ಗಟ್ಟಿಯಾಗಿತ್ತು. ಕೈ ಹಾಕಿದ ಮೇಲೆ ಜಾಳಿಯನ್ನೂ ತೆಗೆದೆ. ಅದರ ಮೇಲೆ ಕೆಂಪು ಗ್ಯಾಸ್ಕೆಟ್ ಪೇಸ್ಟಿನ ತೆಳು ಪಟ್ಟಿಗಳು, ಶಾವಿಗೆಯಂತೆ. ನಡುವೆ ಕೈ ಒರೆಸುವ ಬನಿಯನ್ ವೇಸ್ಟಿನ ನೂಲು. ಯಾರೋ ಹಿಂದೊಮ್ಮೆ ಕವರ್ ಬಿಚ್ಚಿ, ಕೂಡಿಸುವಾಗ ಕೈ ಬಿಚ್ಚಿ ಪೇಸ್ಟ್ ಬಳಿದಿದ್ದರು. ಹೊರಗೆ ಕಾಣುವಷ್ಟೇ ಪೇಸ್ಟ್ ಒಳಗೂ ಹಿಂಡಿ ಬಂದಿರುತ್ತದೆ ಅನ್ನೋದು ಯಾರಿಗೂ ನೆನಪಿರೋದಿಲ್ಲ.

ಜಾಳಿಯ ಕಸವನ್ನು ಬಿಸಾಡುವ ಮುಂಚೆ ಬಿಳಿ ಕಾಗದದ ಮೇಲೆ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಹಿಟ್ಟು ಗೇರ್‌ಬಾಕ್ಸಿನ ಮಾಮೂಲಿ ಸವೆತ. ಬಂಗಾರದಂತೆ ಹೊಳೆಯುವ ಚೂರಿದ್ದರೆ ಎಲ್ಲೋ ಬುಶ್ ಹೋಗುತ್ತಿದೆ. ಅಯಸ್ಕಾಂತಕ್ಕೆ ಅಂಟದ ಬೆಳ್ಳಿ ಬಣ್ಣದ ಚೂರು ಅಲ್ಯೂಮಿನಿಯಂ, ಬಹುಶಃ ಪಂಪಿನ ಮೈಯದೇ. ನಮಗೆ ಬರೀ ಬೂದು ಹಿಟ್ಟು ಸಿಕ್ಕಿತು.

ನಾರಾಯಣಗಾಂವ್ ಪೇಟೆಯಲ್ಲಿ ಅದೇ ಅಳತೆಯ ಒ-ರಿಂಗ್ 20 ರೂಪಾಯಿಗೆ ಸಿಕ್ಕಿತು. ಜಾಳಿಯನ್ನು ಡೀಸೆಲಿನಲ್ಲಿ ತೊಳೆದು, ಫಿಲ್ಟರ್ ಹೊಸದು ಹಾಕಿ, ಹೊಸ ಎಣ್ಣೆ ತುಂಬಿಸಿದೆವು. ಮುಕ್ಕಾಲು ಗಂಟೆ ದುಡಿಸಿ ಗೇಜ್ ಹಾಕಿದರೆ 155ರಲ್ಲಿ ಮುಳ್ಳು ಅಲುಗದೆ ನಿಂತಿತು. ಐಡಲ್‌ನಲ್ಲೂ ಅಷ್ಟೇ. ಪಂಪ್ ಗಟ್ಟಿಯಾಗಿದೆ.

ಎತ್ತಿದ್ದು ನಿಲ್ಲಬೇಕಲ್ಲ

ಊಟ ಆದ ಮೇಲೆ ಕೊನೆಯ ಪರೀಕ್ಷೆ. ಬ್ಲೋವರ್ ಎತ್ತಿ ಎಂಜಿನ್ ಬಂದ್ ಮಾಡಿ, ಲಿಫ್ಟ್ ತೋಳಿನ ಪಕ್ಕ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಎತ್ತಿ ನಿಲ್ಲಿಸಿದ ಭಾರದ ಕೆಳಗೆ ಯಾರೂ ಕೈಕಾಲು ಇಡಬಾರದು, ಇದು ಹೇಳಲೇಬೇಕಾದ ಮಾತು. ಎಂಜಿನ್ ಬಂದ್ ಇರುವಾಗ ಪಂಪಿಗೆ ಕೆಲಸವೇ ಇಲ್ಲ. ಭಾರವನ್ನು ಹಿಡಿದಿರೋದು ಸಿಲಿಂಡರಿನ ಸೀಲ್ ಮತ್ತು ಸಿಲಿಂಡರಿಗೆ ಎಣ್ಣೆ ಬಿಡುವ ಡಿಸ್ಟ್ರಿಬ್ಯೂಟರಿನ ವಾಲ್ವ್. ಇಳಿದರೆ ಈ ಎರಡರಲ್ಲಿ ಒಂದು ಸೋರುತ್ತಿದೆ. ಎಂಜಿನ್ ಚಾಲೂ ಇದ್ದರೆ ಈ ತೊಂದರೆ ಬೇರೆ ರೂಪದಲ್ಲಿ ಕಾಣುತ್ತದೆ. ತೋಳು ಚೂರು ಇಳಿಯುತ್ತದೆ, ವಾಲ್ವ್ ಮತ್ತೆ ಎತ್ತುತ್ತದೆ, ಮತ್ತೆ ಇಳಿಯುತ್ತದೆ. ಕೋಲೆ ಬಸವ ತಲೆ ಆಡಿಸಿದಂತೆ.

ಯಾವುದು ಅಂತ ಕಂಡುಹಿಡಿಯಲು ಸೀಟಿನ ಕೆಳಗಿನ ಆ ಗುಂಡಿಯೇ ಸಾಕು. ಬಹಳಷ್ಟು ಗಾಡಿಗಳಲ್ಲಿ ಅದು ಸಿಲಿಂಡರಿಗೂ ಡಿಸ್ಟ್ರಿಬ್ಯೂಟರಿಗೂ ನಡುವೆ ಕೂತಿರುತ್ತದೆ. ಎತ್ತಿದ ಮೇಲೆ ಅದನ್ನು ಪೂರ್ತಿ ಮುಚ್ಚಿ. ಈಗ ಭಾರ ನಿಂತರೆ ತಪ್ಪು ಡಿಸ್ಟ್ರಿಬ್ಯೂಟರಿನದು. ಆಗಲೂ ಇಳಿದರೆ ಸಿಲಿಂಡರಿನ ಸೀಲ್.

ಹತ್ತು ನಿಮಿಷದಲ್ಲಿ ಗೆರೆಯಿಂದ ಎರಡು ಬೆರಳು ಇಳಿದಿತ್ತು. ಗುಂಡಿ ಮುಚ್ಚಿದರೂ ಇಳಿಯಿತು.

"ಸೀಲ್ ಹಾಕಸ್ಬೇಕ್ರಿ ಮಾಮಾ, ಮ್ಯಾಲಿನ ಕವರ್ ಬಿಚ್ಚಬೇಕು. ಒಂದಿನದ ಕೆಲಸ."

ಮಾಮಾ ಗೆರೆ ನೋಡಿದರು, ಸಾಲುಗಳ ಕಡೆ ನೋಡಿದರು. ಅಕ್ಟೋಬರಿನ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಚಿಗುರು ಬಿಡುವ ಸಮಯ, ದಿನ ಬಿಟ್ಟು ದಿನ ಔಷಧಿ. "ಎರಡ ಬೆರಳಲ್ಲೋ, ಇಳೀಲಿ ಬಿಡು. ಹಣ್ಣ ಇಳಿದಮ್ಯಾಲೆ ನೋಡೂಣು" ಅಂದು ಟ್ಯಾಂಕಿಗೆ ನೀರು ಬಿಡಲು ಹೋದರು.